ಕರಡಿ ಗೆರೆ

ಆ ಕರಡಿ ಮುಖ ನೆನೆಸಿಕೊಂಡ್ರೆ ನನಗೆ ಈಗ ವಾಕರಿಕೆ ಬರುತ್ತೆ. ಒಂದು ಕಾಲದಲ್ಲಿ ಅದನ್ನ ಕಂಡ್ರೆ ಮನೆಮಂದಿಗೆಲ್ಲ ಪ್ರಾಣ. ಪ್ಲೈವುಡ್ಡಿನಲ್ಲಿ ಕೊಯ್ದು ಬಣ್ಣ ಬಳಿದ ಕರಡಿ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಅಡ್ಡಕ್ಕೆ ಚಾಚಿದೆ. ನಾವು ವರ್ಷಕ್ಕೊಂದು ದಿನ ಹೋಗ್ತಿದ್ದ ಆಟದ ಪಾರ್ಕಿನಲ್ಲಿ ಹಳಿ ಮೇಲೆ ಗಾಡಿ ಏರಿ, ಸುತ್ತಿ, ತಲೆಕೆಳಗಾಗಿ ಬರೋ ಆಟ ಒಂದಿದೆ, ನಾವು ಅದನ್ನ ದೊಡ್ಡ ಹಾವು ಅಂತಿದ್ವಿ. ಅದರ ಬಾಗಿಲಲ್ಲೇ ಈ ಕರಡಿ ನಿಂತಿರೋದು. ಮಗುವಿನ ತಲೆ ಅದರ ಕೈಗೆ ತಾಗಿದ್ರೆ ಒಳಗೆ ಬಿಡ್ತಾರೆ. ತಾಗಲಿಲ್ಲವೋ, ಅಮ್ಮನ ಜೊತೆ ಬೆಂಚಿನ ಮೇಲೆ ಕೂತ್ಕೋಬೇಕು.

ಆ ಬೆಂಚಿನ ಮೇಲೆ ನಾನೂ ನನ್ನ ಮಗಳೂ ವರ್ಷಾ ವರ್ಷಾ ಕೂತಿದ್ದೀವಿ. ಹುಟ್ಟಿದಾಗ ಗೇಣುದ್ದ ಇದ್ದಳು ಅಂತ ಮನೆಯಲ್ಲಿ ಅವಳ ಹೆಸರು ಗೇಣು ಅಂತಲೇ ನಿಂತುಬಿಡ್ತು. ದೊಡ್ಡೋನು, ಅಂದ್ರೆ ಅವಳ ಅಣ್ಣ, ಕರಡಿ ಕೈಗೆ ತಲೆ ತಾಗಿಸಿದ ವರ್ಷ ಅಪ್ಪನ ಪಕ್ಕದಲ್ಲಿ ಮುಂದಿನ ಸೀಟಿನಲ್ಲೇ ಕೂತು ಹೋಗಿಬಂದ. ಇಬ್ಬರೂ ಬಾಯಿ ತೆರೆದುಕೊಂಡು ಅರಚುತ್ತಿರೋ ಫೋಟೋ ಒಂದನ್ನ ಪಾರ್ಕಿನೋರು ತೆಗೆದು ಮಾರಿದ್ರು. ಅದನ್ನ ನಡುಮನೆ ಗೋಡೆಗೆ ಹಾಕುವಾಗ ಗೇಣು ಮುಖ ಸಪ್ಪಗೆ ಮಾಡಿಕೊಂಡು, ನಂದೆಲ್ಲಿ ಅಂತ ಕೇಳಿದ್ಲು. ನಮ್ಮ ಯಜಮಾನ್ರು ಪಕ್ಕದಲ್ಲೇ ಇನ್ನೊಂದು ಮೊಳೆ ಹೊಡೆದು, ನಿನ್ನ ತಲೆ ತಾಗಿದ ದಿನ ನಿಂದು ಇಲ್ಲಿ ಬರುತ್ತೆ ಅಂದ್ರು. ಆ ಮೊಳೆ ಇನ್ನೂ ಬರಿದಾಗೇ ಇದೆ.

ಇವರದು ಟೈಲ್ಸ್ ಹಾಕೋ ಕೆಲಸ. ವರ್ಷವೆಲ್ಲ ಕುಕ್ಕರಗಾಲಲ್ಲಿ ಕೂತು, ಸಮ ಇದೆಯಾ ಅಂತ ರಸಮಟ್ಟ ಇಟ್ಟು, ಬೇರೆಯವರ ಮನೆ ನೆಲ ನೋಡ್ತಾ ಇರೋ ಮನುಷ್ಯ. ಆ ಒಂದು ದಿನ ಮಾತ್ರ ಆಕಾಶಕ್ಕೆ ಹತ್ತಿ, ಕೈ ಎರಡೂ ಮೇಲೆತ್ತಿಕೊಂಡು ಕೆಳಗೆ ಬರೋರು. ಇಳಿದು ಬಂದಾಗ ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಿದ್ರು. ನಾನು ಅವರು ಹಾಗೆ ನಗೋದನ್ನ ಬೇರೆಲ್ಲೂ ನೋಡಿಲ್ಲ. ಗೇಣುಗೆ ಬೇಕಾಗಿದ್ದೂ ಅದೇ, ಆ ನಗೋ ಅಪ್ಪನ ಪಕ್ಕದ ಸೀಟು.

ಕರಡಿ ಕೈಯ ಎತ್ತರವನ್ನ ಇವರು ತಮ್ಮ ಟೇಪಿನಲ್ಲೇ ಅಳೆದುಕೊಂಡು ಬಂದು, ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ರು. ಅದು ಕರಡಿ ಗೆರೆ. ಎರಡು ವರ್ಷದ ಹಿಂದೆ ಯಾರದೋ ಮನೆಯಲ್ಲಿ ಉಳಿದ ಟೈಲ್ಸ್ ತಂದು ನಮ್ಮ ಅಡುಗೆಮನೆಗೂ ಹಾಕಿದ್ರು, ಒಂದೊಂದು ಒಂದೊಂದು ಬಣ್ಣ. ನೆಲ ಎರಡು ಬೆರಳಷ್ಟು ಮೇಲೆ ಬಂತು. ಮಕ್ಕಳು ಸ್ಕೂಲಿಗೆ ಹೋಗಿದ್ರು. ನಾನು ಟೇಪಿನ ಕೆಳತುದಿ ಹಿಡಿದೆ, ಇವರು ಹಳೇ ಗೆರೆಯನ್ನ ಉಪ್ಪುಕಾಗದದಲ್ಲಿ ಉಜ್ಜಿ, ಅದೇ ದಿನ ಎರಡು ಬೆರಳು ಮೇಲಕ್ಕೆ ಹೊಸ ಗೆರೆ ಎಳೆದ್ರು. ನಮ್ಮ ಮನೆಯಲ್ಲೇ ಅಳತೆ ತಪ್ಪಿದ್ರೆ ಊರೋರ ಮನೆಗೆ ಹೋಗಿ ಏನು ಕಿಸಿಯಲಿ ಅಂದಿದ್ರು. ಈ ಮಾತು ನೆನಪಿಟ್ಟುಕೊಳ್ಳಿ.

ಪಾರ್ಕು ಮೊದಲು ಹೀಗಿರಲಿಲ್ಲ. ಒಂದು ಟಿಕೆಟ್ ತಗೊಂಡ್ರೆ ದೀಪ ಹಚ್ಚೋವರೆಗೂ ಆಡಬಹುದಿತ್ತು. ಮರದ ಕೆಳಗೆ ಚಾಪೆ ಹಾಸಿ ಬುತ್ತಿ ಬಿಚ್ಚಿದ್ರೆ ಕಾವಲಿನೋನೇ ಬಂದು, ನಮಗೇನೂ ಇಲ್ವಾ ಅಕ್ಕಾ ಅಂತ ಕೇಳೋನು. ಆಮೇಲೆ ಯಾರೋ ಮಹಾ ಬುದ್ಧಿವಂತರ ಕೈಗೆ ಹೋಯ್ತು ಅನ್ಸುತ್ತೆ. ಗಾಡಿ ನಿಲ್ಲಿಸೋಕೆ ದುಡ್ಡು, ಚಪ್ಪಲಿ ಇಡೋಕೆ ದುಡ್ಡು, ಬ್ಯಾಗು ಇಡೋಕೆ ಬೇರೆ ದುಡ್ಡು. ಉಸಿರಾಡೋದೊಂದು ಪುಕ್ಕಟೆ ಬಿಟ್ಟಿದ್ರು, ಮರೆತಿರಬೇಕು.

ಹೋದ ವರ್ಷ ಗೇಟಿನಲ್ಲಿ ಒಬ್ಬ ಕೈಗೆ ಗ್ಲೌಸ್ ಹಾಕಿಕೊಂಡು ನನ್ನ ಚೀಲದೊಳಗೆ ಕೈ ಬಿಟ್ಟ. ಕೊಳಕು ಬಟ್ಟೆ ತೆಗೆಯೋ ಹಾಗೆ ಎರಡೇ ಬೆರಳಲ್ಲಿ ಒಂದೊಂದೇ ತೆಗೆದ, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಹೊರಗಿನ ತಿಂಡಿ ಬಿಡಲ್ಲ ಅಂತ ಹೇಳಿ ಪಕ್ಕದ ಡ್ರಮ್ಮಿಗೆ ಹಾಕಿದ. ಡ್ರಮ್ಮು ಆಗಲೇ ತುಂಬಿಹೋಗಿತ್ತು. ಎಷ್ಟೋ ಮನೆಯ ತಾಯಂದಿರು ಎದ್ದು ಮಾಡಿದ್ದು ಬಿಸಿಲಿಗೆ ಹಳಸಿ, ಮೇಲೆ ನೊಣ ಗುಯ್ ಅಂತಿತ್ತು. ಆ ವಾಸನೆ ಈಗಲೂ ನನ್ನ ಮೂಗಲ್ಲಿದೆ. ಆ ಮೊಟ್ಟೆ ಏನು ತಪ್ಪು ಮಾಡಿತ್ತಮ್ಮ ಅಂತ ಗೇಣು ಕೇಳಿದ್ಲು. ಒಳಗೆ ಹೋದ್ರೆ ನೀರಿನ ಬಾಟಲಿಗೆ ಹಾಲಿಗಿಂತ ಹೆಚ್ಚು ರೇಟು. ಥೂ, ಆ ಪಾರ್ಕಿನೋರ ಜನ್ಮಕ್ಕಿಷ್ಟು.

ಅದೂ ಹೋಗಲಿ ಅಂದ್ರೆ, ಇನ್ನಷ್ಟು ದುಡ್ಡು ಸುರಿದೋರಿಗೆ ಕೈಗೆ ಹಳದಿ ಪಟ್ಟಿ. ಅವರಿಗೆ ಸಾಲು ಇಲ್ಲ, ಪಕ್ಕದ ಬಾಗಿಲಿಂದ ನೇರ ಒಳಗೆ. ಇವರೂ ದೊಡ್ಡೋನೂ ಬಿಸಿಲಲ್ಲಿ ಬೆಂದು ಬದನೆಕಾಯಿ ಆಗುವಷ್ಟು ಹೊತ್ತು ನಿಂತಿದ್ರು. ಹಳದಿ ಪಟ್ಟಿಯೋರು ಹೋದ್ರು, ಬಂದ್ರು, ಮತ್ತೆ ಹೋದ್ರು. ಅವರಲ್ಲೊಂದು ಮಗು ಐಸ್ ನೆಕ್ಕುತ್ತಾ ನಮ್ಮ ಸಾಲನ್ನ ಬೋನಿನಲ್ಲಿರೋ ಪ್ರಾಣಿ ನೋಡೋ ಹಾಗೆ ನೋಡ್ತು. ಮಗುವಿನದೇನು ತಪ್ಪು. ಕಾಸಿದ್ದೋನಿಗೆ ಕೈಲಾಸ ಅಂತ ಅದಕ್ಕೆ ಅಷ್ಟು ಚಿಕ್ಕ ವಯಸ್ಸಿಗೇ ಕಲಿಸಿದೋರನ್ನ ಬೈಬೇಕು.

ಈ ವರ್ಷ ರಜೆ ಹತ್ತಿರ ಬಂದಾಗ ಇವರು ಫೋನಿನಲ್ಲಿ ಟಿಕೆಟ್ ನೋಡೋಕೆ ಕೂತ್ರು. ವಾರದ ದಿನಕ್ಕೊಂದು ರೇಟು, ರಜೆಗೊಂದು ರೇಟು, ನೋಡ್ತಾ ನೋಡ್ತಾ ಇರೋ ಹಾಗೇ ಏರೋದು ಇನ್ನೊಂದು. ತರಕಾರಿಯೋಳು ಹೀಗೆ ಮಾಡಿದ್ರೆ ಜನ ಬುಟ್ಟಿ ಒದ್ದು ಹೋಗ್ತಾರೆ. ನಾಲ್ಕು ಜನರ ಟಿಕೆಟ್ಟಿಗೆ ಕೇಳಿದ ದುಡ್ಡಲ್ಲಿ ಮನೆ ಬಾಡಿಗೆ ಕಟ್ಟಿ ಮೇಲೆ ಚಿಲ್ಲರೆ ಉಳಿಯುತ್ತಿತ್ತು. ಇವರು ಫೋನನ್ನ ಮಗುಚಿ ಇಟ್ರು. ನಾನೇ ಬೇಡ ಬಿಡಿ ಅಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಈ ವರ್ಷ ಇಲ್ಲ, ಇನ್ಮೇಲೂ ಇಲ್ಲ, ಮಕ್ಕಳಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಅಂದೆ. ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂದ್ರು.

ಭಾನುವಾರ ಬಂತು. ಪ್ರತಿ ಭಾನುವಾರದ ಹಾಗೆ ಗೇಣು ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತ್ಲು, ದೊಡ್ಡೋನು ಅವಳ ತಲೆ ಮೇಲೆ ಪುಸ್ತಕ ಅಡ್ಡ ಇಟ್ಟ. ಪುಸ್ತಕ ಗೆರೆಗಿಂತ ಮೇಲಿತ್ತು. ಅವಳಿಗೆ ನಂಬಿಕೆ ಬರದೆ ಕೂದಲು ಅದುಮಿಕೊಂಡು ಮತ್ತೆ ನಿಂತ್ಲು. ನನಗೆ ಇದು ಮುಂಚೇನೇ ಗೊತ್ತಿತ್ತು. ನಾನು ಸ್ಕೂಲ್ ಯೂನಿಫಾರ್ಮ್ ಹೊಲಿಯೋಳು, ಅವಳ ಸ್ಕರ್ಟಿನ ಅಂಚು ಈ ವರ್ಷ ಎರಡು ಸಲ ಬಿಚ್ಚಿ ಇಳಿಸಿದ್ದೀನಿ. ಅವಳು ಕುಣೀತಾ, ಅಪ್ಪಾ, ನಾನು ಕರಡಿ ದಾಟಿದೆ ಅಂದ್ಲು.

ಇವರು ಅವಳನ್ನ ನೋಡಿದ್ರು, ಗೆರೆ ನೋಡಿದ್ರು. ಆಮೇಲೆ ಕುಕ್ಕರಗಾಲಲ್ಲಿ ಕೂತು ಟೈಲನ್ನ ಬೆರಳ ಗೆಣ್ಣಿನಿಂದ ತಟ್ಟಿ, ಅಯ್ಯೋ ಮಗಳೇ, ಈ ಗೆರೆ ಹಳೇ ನೆಲದ ಲೆಕ್ಕದ್ದು ಕಣೆ, ಈಗ ಟೈಲ್ಸ್ ಹಾಕಿ ನೆಲ ಮೇಲೆ ಬಂದಿದೆಯಲ್ಲ, ನೀನು ಟೈಲ್ಸ್ ಮೇಲೆ ನಿಂತು ಎತ್ತರ ಕಾಣ್ತಿದೀಯ ಅಂದ್ರು. ಕಿವಿ ಮೇಲಿದ್ದ ಪೆನ್ಸಿಲ್ ತೆಗೆದು, ಟೇಪ್ ಹಿಡಿದು, ಎರಡು ಬೆರಳು ಮೇಲಕ್ಕೆ ಹೊಸ ಗೆರೆ ಎಳೆದ್ರು. ನೇರವಾಗಿ, ಅಚ್ಚುಕಟ್ಟಾಗಿ ಎಳೆದ್ರು, ಕೆಲಸದಲ್ಲಿ ಅವರದು ಯಾವತ್ತೂ ವಕ್ರ ಬಂದಿಲ್ಲ. ಇನ್ನೂ ಒಂದೆರಡು ಬೆರಳು ಬೇಕು, ಈ ಸಲವೂ ನೀನು ಬೆಂಚಿನ ಮೇಲೆ ಕೂರೋದು ಬೇಡ, ಮುಂದಿನ ವರ್ಷ ಎಲ್ಲರೂ ಒಟ್ಟಿಗೆ ಹೋಗೋಣ ಅಂದ್ರು. ಗೇಣು ಗೆರೆ ನೋಡಿ, ಕಾಲ ಕೆಳಗಿನ ಟೈಲ್ ನೋಡಿ, ಹೌದಲ್ವಾ ಅಂದ್ಲು. ಅಪ್ಪನ ಅಳತೆ ಅಂದ್ರೆ ಅವಳಿಗೆ ಕಲ್ಲಿನ ಮೇಲೆ ಕೆತ್ತಿದ ಹಾಗೆ.

ನನ್ನ ಮೈಯೆಲ್ಲ ಉರೀತು. ಮಕ್ಕಳು ಆಟಕ್ಕೆ ಹೋದ ಮೇಲೆ, ಏನ್ರೀ ಇದು, ಟೇಪಿನ ತುದಿ ಹಿಡಿದೋಳು ನಾನಲ್ವಾ, ಒಂದೇ ನೆಲವನ್ನ ಎಷ್ಟು ಸಲ ಎತ್ತೀರಿ ಅಂತ ಕೇಳಿದೆ. ಇವರು ನನ್ನ ಮುಖ ನೋಡಲಿಲ್ಲ.

"ತಾನು ಗಿಡ್ಡ ಅಂದ್ಕೊಂಡ್ರೆ ಒಂದು ವರ್ಷಕ್ಕೆ ಸರಿಹೋಗುತ್ತೆ ಕಣೆ," ಅಂದ್ರು. "ಅಪ್ಪನ ಕೈಲಿ ಆಗಲ್ಲ ಅಂತ ಒಂದು ಸಲ ಗೊತ್ತಾದ್ರೆ, ಅದು ಯಾವ ವರ್ಷಕ್ಕೂ ಸರಿಹೋಗಲ್ಲ."

ನನಗೆ ಹೇಸಿಗೆಯೂ ಆಯ್ತು, ಅಯ್ಯೋ ಪಾಪ ಅಂತಲೂ ಅನ್ನಿಸ್ತು. ದಿನ ನೋಡಿ ತಾವೇ ಬಾಯಿ ಬಿಡ್ತಾರೆ ಅಂದ್ಕೊಂಡು ಮಷಿನ್ ಮುಂದೆ ಹೋಗಿ ಕೂತೆ.

ಆ ದಿನದಿಂದ ಗೇಣು ಹಾಲು ಕುಡಿಯೋಕೆ ಶುರು ಮಾಡಿದ್ಲು. ಹಾಲು ಅಂದ್ರೆ ಅವಳಿಗೆ ಆಗಿಬರಲ್ಲ, ಕೆನೆ ಕಂಡ್ರೆ ಓಡೋ ಹುಡುಗಿ. ಈಗ ತಾನೇ ಕೇಳಿ ಹಾಕಿಸಿಕೊಂಡು, ಮೂಗು ಹಿಡಿದು, ಕಣ್ಣು ಮುಚ್ಚಿ, ಬೆಳಿಗ್ಗೆ ಒಂದು ಲೋಟ ಸಂಜೆ ಒಂದು ಲೋಟ ಗಟಗಟ ಇಳಿಸೋಳು. ಇನ್ನೊಂದು ಪ್ಯಾಕೆಟ್ ಹೆಚ್ಚಿಗೆ ತರಿಸಬೇಕಾಯ್ತು. ಮೆಟ್ಟಿಲ ಕಂಬಿಗೆ ಜೋತುಬಿದ್ದು ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡ್ಲು. ರಾತ್ರಿ ಮುದುರಿಕೊಂಡು ಮಲಗೋದನ್ನ ಬಿಟ್ಟು ಕೋಲಿನ ಹಾಗೆ ನೆಟ್ಟಗೆ ಮಲಗೋಳು, ಮುದುರಿದ್ರೆ ಬೆಳೆಯಲ್ವಂತೆ. ಇವರು ಅದನ್ನೆಲ್ಲ ನೋಡಿಯೂ ನೋಡದ ಹಾಗೆ ಬೂಟು ಹಾಕಿಕೊಂಡು ಕೆಲಸಕ್ಕೆ ಹೋಗೋರು. ಇದರ ಮಧ್ಯೆ ಒಂದು ದಿನ ಪಾರ್ಕಿನೋರಿಂದ ಫೋನಿಗೆ ಮೆಸೇಜು ಬಂತು. ಕರಡಿ ಅಣ್ಣ ನಿಮ್ಮನ್ನ ತುಂಬಾ ನೆನೆಸ್ಕೊಳ್ತಿದ್ದಾನೆ, ಬೇಗ ಬನ್ನಿ ಅಂತ. ನೆನೆಸ್ಕೊಳ್ತಾನಂತೆ, ನಮ್ಮನ್ನಲ್ಲ, ನಮ್ಮ ಜೇಬನ್ನ. ಅದನ್ನ ಅಳಿಸಿ ಹಾಕಿದ ಮೇಲೂ ಫೋನು ಜಿಗುಟು ಜಿಗುಟು ಅನ್ನಿಸ್ತಿತ್ತು.

ರಜೆ ಮುಗಿಯೋಕೆ ಬಂದಿತ್ತು. ನಾನು ಕಿಟಕಿ ಪಕ್ಕ ಕೂತು ಯಾರದೋ ಮಗುವಿನ ಅಂಗಿಗೆ ಕಾಲರ್ ಕೂರಿಸ್ತಿದ್ದೆ. ಹೊರಗೆ ಮೆಟ್ಟಿಲ ಮೇಲೆ ಅಣ್ಣ ತಂಗಿ ಇಬ್ಬರೂ ಕೂತಿದ್ರು. ರಜೆಯೆಲ್ಲ ಮಣ್ಣುಪಾಲಾಯ್ತು, ಎಲ್ಲೂ ಹೋಗಲಿಲ್ಲ, ಬರಲಿಲ್ಲ ಅಂತ ದೊಡ್ಡೋನು ಗೊಣಗ್ತಿದ್ದ. ಗೇಣು ಅವನ ತೋಳು ಮುಟ್ಟಿ, ಮೆಲ್ಲಗೆ ಹೇಳಿದ್ಲು.

"ಬೇಜಾರು ಮಾಡ್ಕೋಬೇಡ ಅಣ್ಣ. ನಾನು ಬೆಳೀಲಿಲ್ಲ ಅಂತ ಯಾರೂ ಹೋಗೋಕಾಗ್ಲಿಲ್ಲ. ಮುಂದಿನ ವರ್ಷ ಖಂಡಿತ ಬೆಳೀತೀನಿ."

ನನ್ನ ಕಾಲು ಮಷಿನ್ ಮೇಲೆ ಹಾಗೇ ನಿಂತುಹೋಯ್ತು. ಆ ಹಾಳು ಪಾರ್ಕಿನ ಮೇಲೆ ಇಷ್ಟು ದಿನ ಉಗುಳುತ್ತಿದ್ದ ನನಗೆ ಮೊದಲ ಸಲ ನಮ್ಮ ಮನೆ ಮೇಲೇ ಹೇಸಿಗೆ ಬಂತು. ಅವರು ದುಡ್ಡು ಕಿತ್ಕೊಂಡ್ರು. ನಾವು ಇವಳ ಎತ್ತರವನ್ನೇ ಕಿತ್ಕೊಂಡು, ಆ ತಪ್ಪನ್ನೂ ಇವಳ ತಲೆಗೇ ಕಟ್ಟಿದ್ವಿ.

ಕೊರಳಲ್ಲಿದ್ದ ಟೇಪ್ ಎಳೆದುಕೊಂಡು ಗೇಣುನ ಒಳಗೆ ಕರೆದೆ. ಹಿಮ್ಮಡಿ ಕೆಳಗೆ ತುದಿ ಇಟ್ಟು ತಲೆವರೆಗೂ ಹಿಡಿದೆ. ಅವಳು ಕುತ್ತಿಗೆ ಎಳೆದು ಎಳೆದು ನಿಂತ್ಲು, ಪಾಪ. ಎಳೀಬೇಡ, ಸುಮ್ನೆ ಇರೋ ಹಾಗೇ ಇರು ಅಂದೆ. ಆಮೇಲೆ ಹೇಳಿದೆ, ನೀನು ಕರಡಿ ಕೈಗಿಂತ ಎತ್ತರ ಇದೀಯ, ರಜೆ ಶುರುವಾಗೋ ಮುಂಚೆಯಿಂದಾನೂ ಇದೀಯ, ಗೆರೆ ಯಾಕೆ ಮೇಲೆ ಹೋಯ್ತು ಅಂತ ನಿಮ್ಮಪ್ಪನ್ನ ಕೇಳು. ಅವಳು ಅಳಲಿಲ್ಲ. ಟೇಪಿನ ಅಂಕಿಯನ್ನ ತಾನೇ ಬೆರಳಿಟ್ಟು ಓದಿಕೊಂಡ್ಲು.

ಸಂಜೆ ಇವರು ಬಂದು, ಕೈಕಾಲಿಗೆ ಹತ್ತಿದ ಸಿಮೆಂಟು ತೊಳೆದುಕೊಂಡು ಒಳಗೆ ಬರೋ ಹೊತ್ತಿಗೆ ಗೇಣು ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿದ್ಲು. ಕೈಯಲ್ಲಿ ಅವರದೇ ಕೆಲಸದ ಟೇಪು. ನಾನು ಒಲೆ ಮುಂದೆ ನಿಂತು, ದಿನಾ ಹಾಕೋ ಹಾಗೆ ಅವಳ ಲೋಟಕ್ಕೆ ಹಾಲು ಹಾಕಿಟ್ಟೆ. ಅಳತೆ ತಗೊಳ್ಳಪ್ಪ ಅಂತ ಅವಳು ಟೇಪ್ ಮುಂದೆ ಚಾಚಿದ್ಲು. ಇವರು ನನ್ನ ಕಡೆ ನೋಡಿದ್ರು. ನಾನು ಒಲೆ ಒರೆಸ್ತಾ ಇದ್ದೆ.

ಮಂಡಿಯೂರಿ ಅಳೆದ್ರು. ಎಷ್ಟು ಅಂತ ಕೇಳಿದ್ಲು, ಹೇಳಿದ್ರು. ಕರಡಿ ಕೈ ಎಷ್ಟು ಅಂತ ಕೇಳಿದ್ಲು. ಅದನ್ನೂ ಹೇಳಬೇಕಾಯ್ತು. ಅಂಕಿ ಸುಳ್ಳು ಹೇಳೋಕೆ ಇವರ ನಾಲಿಗೆ ಹೊರಳಲಿಲ್ಲ, ಅಷ್ಟರಮಟ್ಟಿಗೆ ಮೆಚ್ಚಬೇಕು.

"ಹಾಗಾದ್ರೆ ಯಾಕೆ ಹೋಗಲಿಲ್ಲ?"

ಇವರು ಹಾಗೇ ನೆಲದ ಮೇಲೆ ಕೂತುಬಿಟ್ರು. ಟೇಪು ಸರ್ ಅಂತ ಡಬ್ಬಿಯೊಳಗೆ ಸೇರಿಕೊಳ್ತು.

"ದುಡ್ಡು ಸಾಲಲಿಲ್ಲ ಮಗಳೇ. ಇನ್ಮೇಲೂ ಸಾಲಲ್ಲ."

"ನಾನು ಗಿಡ್ಡ ಅಲ್ವಲ್ಲ?"

"ಅಲ್ಲ."

ಗೇಣು ಒಲೆ ಹತ್ತಿರ ಬಂದು ತನ್ನ ಲೋಟ ಎತ್ತಿಕೊಂಡ್ಲು. ಒಳಗೆ ಇಣುಕಿ ನೋಡಿ, ಒಂದು ಹನಿ ಚೆಲ್ಲದ ಹಾಗೆ ಹಾಲನ್ನ ವಾಪಸ್ ಪಾತ್ರೆಗೆ ಸುರಿದ್ಲು.

"ಮೊದಲೇ ಹೇಳಬಾರದಿತ್ತಾ ಅಪ್ಪಾ," ಅಂದ್ಲು. "ಇಷ್ಟು ದಿನದ ಹಾಲಿನ ದುಡ್ಡಾದ್ರೂ ಉಳೀತಿತ್ತು."

ಬೈದಿದ್ದಲ್ಲ, ನಿಜವಾಗಲೂ ಅಪ್ಪನಿಗೆ ನಷ್ಟ ಆಯ್ತಲ್ಲ ಅಂತಲೇ ಹೇಳಿದ್ಲು. ಲೋಟ ತೊಳೆದು ಬೋರಲು ಹಾಕಿ, ಅಣ್ಣನನ್ನ ಹುಡುಕಿಕೊಂಡು ಹೊರಗೆ ಹೋದ್ಲು. ಇವರು ತಾವೇ ಹಾಕಿದ ಬಣ್ಣ ಬಣ್ಣದ ಟೈಲ್ಸ್ ನೋಡ್ತಾ ಅಲ್ಲೇ ಕೂತಿದ್ರು.