ಗಂಟಲ ಮದ್ದಿನ ಹುಡುಗಿ

ಬಂದರು ರಸ್ತೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ನಾನು ಮೂವತ್ತೆಂಟು ವರ್ಷ ಮೊಳೆ ಜೋಡಿಸಿದೆ. ಅಚ್ಚಿನ ಮೊಳೆಯಲ್ಲಿ ಅಕ್ಷರ ಎಡಬಲ ತಿರುಗಿರುತ್ತದೆ. ಕಾಗದದ ಮೇಲೆ ಬಿದ್ದಾಗ ನೇರವಾಗುತ್ತದೆ. ಈ ಕೆಲಸಕ್ಕೆ ಕುಳಿತವನ ಕಣ್ಣು ಕೆಲವು ವರ್ಷಗಳಲ್ಲಿ ತಿರುಗಿದ್ದನ್ನೇ ನೇರವೆಂದು ಓದತೊಡಗುತ್ತದೆ. ಆ ಅಭ್ಯಾಸದಿಂದ ನಾನು ಒಮ್ಮೆ ಒಂದು ತಪ್ಪು ಮಾಡಿದೆ.

ನಮ್ಮ ಮಗಳು ಅಪೊಲಿನ್ ಐದು ವರ್ಷದವಳಾಗಿದ್ದಾಗ ಗಂಟಲುಮಾರಿ ಬಂದು ತೀರಿಕೊಂಡಳು. ನಾವು ಅವಳನ್ನು ಪೊಲ್ಲಿ ಎಂದು ಕರೆಯುತ್ತಿದ್ದೆವು. ಅದು ಯುದ್ಧದ ಕಾಲ. ಅವಳ ಒಂದು ಫೋಟೋ ಕೂಡ ನಾವು ತೆಗೆಸಿರಲಿಲ್ಲ. ಇಗರ್ಜಿಯಲ್ಲಿ ಮೊದಲ ಸಲ ಪ್ರಸಾದ ಪಡೆಯುವ ಕೊಮ್ಯುನ್ಯೊದ ದಿನ ಬಿಳಿ ಉಡುಪು ತೊಡಿಸಿ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗುವುದೆಂದು ನಾನೂ ನನ್ನ ಹೆಂಡತಿ ಬರ್ನಡೆಟ್ಟಳೂ ಮಾತಾಡಿಕೊಂಡಿದ್ದೆವು. ಆ ದಿನ ಬರಲಿಲ್ಲ.

ಹದಿಮೂರು ವರ್ಷ ಕಳೆಯಿತು. ಸಾವಿರದ ಒಂಬೈನೂರ ಐವತ್ತೇಳರ ನವೆಂಬರ್ ಎರಡನೆಯ ತಾರೀಕು, ಮೃತರ ಸ್ಮರಣೆಯ ದಿನ, ಪೂಜೆ ಮುಗಿದ ಮೇಲೆ ನಾವಿಬ್ಬರೂ ಸಿಮಿತ್ರಿಗೆ ಹೋಗಿ ಪೊಲ್ಲಿಯ ಸಮಾಧಿಯ ಮೇಲೆ ಮೇಣದ ಬತ್ತಿ ಹಚ್ಚಿದೆವು. ಪ್ರಾರ್ಥನೆ ಮುಗಿದರೂ ಬರ್ನಡೆಟ್ ಏಳಲಿಲ್ಲ.

"ಕೇಳಿತಾ," ಎಂದಳು. ಅವಳು ನನ್ನನ್ನು ಕರೆಯುತ್ತಿದ್ದುದೇ ಹಾಗೆ. "ನಿಮಗೆ ಒಂದು ಸಂಗತಿ ಹೇಳಬೇಕು. ಬೈಯಬಾರದು."

"ಎಂತ?"

"ಪೊಲ್ಲಿಯ ಮುಖ ನನಗೆ ಬರುವುದಿಲ್ಲ. ಜಪಮಾಲೆ ಹಿಡಿದು ತೇರ್ಸ್ ಹೇಳುವಾಗ ಅವಳ ಹೆಸರು ಬಂದ ಕೂಡಲೇ ಮೊದಲು ಮುಖವೂ ಬರ್ತಿತ್ತು. ಈಗ ಹೆಸರು ಮಾತ್ರ. ಫ್ರಾಕು ಬರ್ತದೆ, ಕಾಲಿನ ಗೆಜ್ಜೆ ಬರ್ತದೆ. ಮುಖ ಇಲ್ಲ."

"ವಯಸ್ಸಾಯಿತಲ್ಲ, ಬರ್ನಡೆಟ್."

"ವಯಸ್ಸಾದದ್ದೇ ಹೆದರಿಕೆ. ನಾಳೆ ದೇವರ ಹತ್ತಿರ ಹೋದಾಗ ಅಲ್ಲಿ ಎಷ್ಟು ಮಕ್ಕಳಿರ್ತಾರೋ. ನಾನು ಅವಳನ್ನು ಗುರುತು ಹಿಡಿಯುವುದು ಹೇಗೆ?"

ನನಗೂ ಆ ಮುಖ ಮಸುಕಾಗಿತ್ತೆಂದು ಹೇಳುವ ಧೈರ್ಯ ಬರಲಿಲ್ಲ.

ಅದೇ ವಾರ ಅಚ್ಚುಕೂಟದ ಧಣಿಗಳು ಹಿಂದಿನ ಕೋಣೆ ಖಾಲಿ ಮಾಡಿಸಿದರು. ಧಣಿಗಳ ಅಜ್ಜನ ಕಾಲದಲ್ಲಿ, ಅಂದರೆ ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, ಅಲ್ಲಿ ಒಂದು ಇಂಗ್ಲಿಷ್ ವಾರಪತ್ರಿಕೆ ಅಚ್ಚಾಗುತ್ತಿತ್ತಂತೆ. ಕಾಫಿ ತೋಟದ ದೊರೆಗಳೂ ಬಂದರಿನ ಕಂಪೆನಿಯವರೂ ಅದನ್ನು ತರಿಸುತ್ತಿದ್ದರು. ಅದರ ಜಾಹೀರಾತಿನ ಬ್ಲಾಕುಗಳು, ಮರದ ತುಂಡಿನ ಮೇಲೆ ಕೂರಿಸಿದ ಸೀಸದ ಚಿತ್ರಗಳು, ನಾಲ್ಕು ಪೆಟ್ಟಿಗೆ ತುಂಬ ಇದ್ದವು. ಎಲ್ಲವನ್ನೂ ಕುದ್ರೋಳಿಯ ಗುಜರಿ ವ್ಯಾಪಾರಿ ಮೊಯ್ದೀನಬ್ಬನಿಗೆ ಕೊಡುವುದೆಂದು ತೀರ್ಮಾನವಾಯಿತು. ಅದಕ್ಕೂ ಮೊದಲು ಒಂದೊಂದರದ್ದೂ ಒಂದು ಪ್ರೂಫ್ ತೆಗೆದಿಡಲು ಧಣಿಗಳು ನನಗೆ ಹೇಳಿದರು.

ನಾನು ಒಂದೊಂದಕ್ಕೇ ಶಾಯಿ ಹಚ್ಚಿ ಒತ್ತುತ್ತಿದ್ದೆ. ಮೊಯ್ದೀನಬ್ಬ ಗೋಣಿಚೀಲ ಹಾಸಿಕೊಂಡು ಪಕ್ಕದಲ್ಲೇ ಕುಳಿತಿದ್ದ. ಪಿತ್ತಕ್ಕೂ ತಲೆನೋವಿಗೂ ಮನಸ್ಸಿನ ದುಃಖಕ್ಕೂ ಒಂದೇ ಗುಳಿಗೆ. ಸೊಂಟಕ್ಕೆ ಕಟ್ಟಿಕೊಂಡರೆ ಮುದುಕನೂ ಕುದುರೆ ಹತ್ತುವಂತೆ ಮಾಡುವ ವಿದ್ಯುತ್ತಿನ ಪಟ್ಟಿ. ಕಪ್ಪು ಕೈಯನ್ನೂ ಬಿಳಿ ಮಾಡುವ ಸಾಬೂನು. ಒಂದರಲ್ಲಿ ಬೋಳುತಲೆಯ ದೊರೆ, ಅವನ ಪಕ್ಕದಲ್ಲಿ ಕೂದಲು ತುಂಬಿದ ಅದೇ ದೊರೆ.

"ಎಂತ ಪೊರ್ಬುಗಳೇ, ಇವನಿಗೆ ಎಂತ ಆದದ್ದು?" ಎಂದು ಮೊಯ್ದೀನಬ್ಬ ಕೇಳಿದ. ನಮ್ಮ ಕಡೆ ಕ್ರಿಸ್ತುವರನ್ನು ಪೊರ್ಬುಗಳೆಂದೂ ಅವನಂಥ ಮುಸಲ್ಮಾನರನ್ನು ಬ್ಯಾರಿಗಳೆಂದೂ ಕರೆಯುವುದು ರೂಢಿ.

"ಎಣ್ಣೆ ಹಚ್ಚಿದ್ದು ಬ್ಯಾರಿಗಳೇ. ಒಂದು ಬಾಟ್ಲಿಗೆ ಇಷ್ಟು ಕೂದಲು."

"ನನ್ನ ಮಾವನಿಗೆ ಬೇಕಿತ್ತು ಮಾರಾಯ್ರೆ. ಈಗ ಸಿಗ್ತದಾ?"

"ಕಂಪೆನಿಯವರೂ ಸತ್ತು, ಹಚ್ಚಿಕೊಂಡವರೂ ಸತ್ತು ಅರುವತ್ತು ವರ್ಷ ಆಯ್ತು."

"ಕೂದಲು ಬಂದ ಮೇಲೆ ಸತ್ತದ್ದೋ, ಬರುವ ಮೊದಲೋ?"

ನಾನು ನಗುತ್ತಲೇ ಮುಂದಿನ ಬ್ಲಾಕಿನ ಧೂಳು ಒರೆಸಿದೆ. ಒರೆಸಿದ ಕೈ ಅಲ್ಲೇ ನಿಂತಿತು. ಸೀಸದೊಳಗಿನಿಂದ ಪೊಲ್ಲಿ ನನ್ನನ್ನು ನೋಡುತ್ತಿದ್ದಳು.

ಐದು ವರ್ಷದ ಒಂದು ಹುಡುಗಿ. ಏನಾದರೂ ಬೇಕಾದಾಗ ಪೊಲ್ಲಿ ಮಾಡುತ್ತಿದ್ದಂತೆಯೇ ತಲೆಯನ್ನು ಎಡ ಹೆಗಲಿಗೆ ವಾಲಿಸಿದ್ದಳು. ಬೈತಲೆ ನಡುವಿನಲ್ಲಿರದೆ ಸ್ವಲ್ಪ ಬಲಕ್ಕಿತ್ತು, ಬರ್ನಡೆಟ್ ತೆಗೆಯುತ್ತಿದ್ದ ಹಾಗೆ. ಕೈಯಲ್ಲಿ ಒಂದು ಬಾಟ್ಲಿ. ಕೆಳಗೆ ಇಂಗ್ಲಿಷಿನಲ್ಲಿ, ಗಂಟಲಿನ ಸಕಲ ರೋಗಗಳಿಗೂ ಇದೇ ಮದ್ದು ಎಂದು ಬರೆದಿತ್ತು. ಅದರ ಕೆಳಗೆ ಒಬ್ಬ ತಾಯಿಯ ಪತ್ರ: ಮೂವರು ಡಾಕ್ಟರರು ಕೈಬಿಟ್ಟಿದ್ದ ನನ್ನ ಮಗಳು ನಾಲ್ಕನೆಯ ಚಮಚಕ್ಕೆ ಎದ್ದು ಕುಳಿತು ಹಾಲು ಕೇಳಿದಳು.

"ಪೊರ್ಬುಗಳೇ, ಎಂತ ಆಯ್ತು?"

"ಕಣ್ಣಿಗೆ ಧೂಳು ಬಿತ್ತು."

ಧಣಿಗಳಿಗೊಂದು ಪ್ರೂಫ್ ಒತ್ತಿಟ್ಟೆ. ಆಮೇಲೆ ತೆಳ್ಳನೆಯ ಕಾಗದವನ್ನು ಕತ್ತರಿಸಿ ಬಾಟ್ಲಿಯನ್ನೂ ಅಕ್ಷರಗಳನ್ನೂ ಮುಚ್ಚಿ, ಹುಡುಗಿ ಮಾತ್ರ ಬೀಳುವಂತೆ ಮಾಡಿ ಇನ್ನೊಂದು ಒತ್ತಿದೆ. ಅಷ್ಟರಲ್ಲಿ ಧಣಿಗಳ ಮೆಟ್ಟಿನ ಸದ್ದು ಕೇಳಿತು. ಹಸಿ ಶಾಯಿಯ ಕಾಗದವನ್ನು ಸರಿಯಾಗಿ ನೋಡದೆ ಒತ್ತುಕಾಗದದ ನಡುವೆ ಇಟ್ಟುಬಿಟ್ಟೆ. ನೋಡುವ ಅಗತ್ಯವೂ ತೋರಲಿಲ್ಲ. ಸೀಸದಲ್ಲಿ ಕಂಡಿದ್ದೆನಲ್ಲ! ಬ್ಲಾಕು ಮೊಯ್ದೀನಬ್ಬನ ಗೋಣಿಗೆ ಹೋಯಿತು.

ಭಾನುವಾರ ಮೊದಲ ಪೂಜೆಯಿಂದ ಬಂದು ಕಾಫಿ ಕುಡಿದಾದ ಮೇಲೆ ನಾನು ಪ್ರಾರ್ಥನೆ ಪುಸ್ತಕದೊಳಗಿನಿಂದ ಆ ಕಾಗದ ತೆಗೆದು ಬರ್ನಡೆಟ್ಟಳ ಕೈಗೆ ಕೊಟ್ಟೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದು ಯಾರು? ಯಾರೋ ದೊರೆಗಳ ಮಗು ಅಲ್ವಾ?"

"ಸರಿಯಾಗಿ ನೋಡು."

"ನೋಡಿದೆ. ಚಂದ ಉಂಟು. ಯಾರು?"

"ನಮ್ಮ ಪೊಲ್ಲಿಯ ಹಾಗೆ ಕಾಣುವುದಿಲ್ವಾ?"

ಅವಳು ಕಾಗದವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಪೊಲ್ಲಿಯಾ? ಕೇಳಿತಾ, ನಿಮ್ಮ ಕನ್ನಡಕ ಬದಲಾಯಿಸುವ ಕಾಲ ಬಂತು. ಬೈತಲೆ ನೋಡಿ, ಎಡಗಡೆ ಉಂಟು. ನಾನು ಯಾವತ್ತಾದರೂ ಎಡಗಡೆ ತೆಗೆದದ್ದುಂಟಾ? ತಲೆ ಬಲಕ್ಕೆ ವಾಲಿದೆ. ಅವಳು ವಾಲಿಸುತ್ತಿದ್ದದ್ದು ಈ ಕಡೆ."

ಕಾಗದ ಇಸಿದುಕೊಂಡು ನೋಡಿದೆ. ಅವಳು ಹೇಳಿದ್ದು ನಿಜವಾಗಿತ್ತು. ನಾನು ಗುರುತು ಹಿಡಿದದ್ದು ಸೀಸದಲ್ಲಿ ತಿರುಗಿದ್ದ ಹುಡುಗಿಯನ್ನು. ಕಾಗದದ ಮೇಲೆ ಅವಳು ಬೇರೆಯೇ ಮಗುವಾಗಿದ್ದಳು. ಸಾವಿರಾರು ಪುಟ ಜೋಡಿಸಿದವನಿಗೆ ಈ ಸಣ್ಣ ಸಂಗತಿ ಹೊಳೆಯಲಿಲ್ಲ. ನನಗೆ ಅಳು ಬಂತು.

"ಬಾ," ಎಂದು ಅವಳನ್ನು ಗೋಡೆಯ ಕನ್ನಡಿಯ ಮುಂದೆ ನಿಲ್ಲಿಸಿ, ಕಾಗದವನ್ನು ಅವಳ ಮುಖದ ಪಕ್ಕದಲ್ಲಿ ಹಿಡಿದೆ. ಕನ್ನಡಿಯಲ್ಲಿ ಬೈತಲೆ ಬಲಕ್ಕೆ ಬಂತು, ತಲೆ ಎಡಕ್ಕೆ ವಾಲಿತು. "ನಾನು ಕಂಡದ್ದು ಹೀಗೆ. ಈಗ ನೋಡು."

ಬರ್ನಡೆಟ್ ಬಹಳ ಹೊತ್ತು ನೋಡಿದಳು.

"ಬೈತಲೆ ಸರಿ ಆಯ್ತು," ಎಂದಳು. "ಆದರೆ ಹಣೆ ಇಷ್ಟು ಅಗಲ ಅಲ್ಲ. ನಮ್ಮವಳದ್ದು ಸಣ್ಣ ಹಣೆ, ಕೂದಲು ಇಲ್ಲಿಯವರೆಗೆ ಇಳಿಯುತ್ತಿತ್ತು. ಹುಬ್ಬು ಇದಲ್ಲ, ಇದು." ಕನ್ನಡಿಯಲ್ಲಿ ನೋಡುತ್ತ ತನ್ನ ಹುಬ್ಬನ್ನೇ ಮುಟ್ಟಿ ತೋರಿಸಿದಳು. "ಅವಳ ಹುಬ್ಬಿನ ಮೇಲೆ ಗಾಯದ ಗುರುತು ಉಂಟಲ್ಲ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದದ್ದು. ಹಲ್ಲು ಹೀಗಲ್ಲ, ಮುಂದಿನ ಒಂದು ಅರ್ಧ ಮುರಿದಿತ್ತು, ಅದಕ್ಕೇ ನಗುವಾಗ ನಾಲಿಗೆ ಅಡ್ಡ ಇಡುತ್ತಿದ್ದಳು. ಮೂಗು ನಿಮ್ಮದು, ತುದಿ ದಪ್ಪ. ಕಿವಿ..."

ಅಲ್ಲಿಗೆ ನಿಲ್ಲಿಸಿದಳು. ಕನ್ನಡಿಯಲ್ಲಿ ಅವಳ ಕಣ್ಣು ಕಾಗದವನ್ನು ಬಿಟ್ಟು ಬೇರೆಲ್ಲಿಯೋ ನೆಟ್ಟಿತ್ತು.

"ಬಂದಳು," ಎಂದಳು ಮೆಲ್ಲಗೆ. "ಕೇಳಿತಾ, ಬಂದಳು."

ನನಗೂ ಬಂದಿದ್ದಳು, ಮುರಿದ ಹಲ್ಲು, ಅಡ್ಡ ನಾಲಿಗೆ, ಎಲ್ಲವೂ. ನಾವು ಅಲ್ಲೇ ಮೊಣಕಾಲೂರಿದೆವು.

ಎದ್ದ ಮೇಲೆ ಅವಳು ಕಾಗದವನ್ನು ಮತ್ತೆ ನೋಡಿ, "ಈ ಮಗು ಕೈಯಲ್ಲಿ ಎಂತ ಹಿಡಿದದ್ದು? ಬೆರಳು ಮಾತ್ರ ಕಾಣ್ತದೆ," ಎಂದು ಕೇಳಿದಳು.

ಮುಚ್ಚಿಡಲು ಮನಸ್ಸು ಬರಲಿಲ್ಲ. ಜಾಹೀರಾತಿನ ವಿಷಯ, ಗಂಟಲ ಮದ್ದು, ಆ ತಾಯಿಯ ಪತ್ರ, ಎಲ್ಲ ಹೇಳಿದೆ. ಅವಳ ಮುಖ ಸಣ್ಣದಾಯಿತು.

"ಆ ಮದ್ದು ಆಗ ನಮಗೆ ಸಿಕ್ಕಿದ್ದರೆ?"

"ಇಲ್ಲ ಬರ್ನಡೆಟ್. ಆ ಪೆಟ್ಟಿಗೆಯಲ್ಲಿ ದುಃಖಕ್ಕೂ ಗುಳಿಗೆ ಇತ್ತು, ಬೋಳುತಲೆಗೂ ಎಣ್ಣೆ ಇತ್ತು. ಬಾಟ್ಲಿಯಲ್ಲಿ ಸಕ್ಕರೆ ಪಾಕ ಬಿಟ್ಟು ಬೇರೆ ಎಂತದೂ ಇದ್ದಿರಲಿಕ್ಕಿಲ್ಲ. ನಾವು ಮಾಡಬೇಕಾದ್ದನ್ನು ಮಾಡಿದ್ದೇವೆ."

ಹದಿಮೂರು ವರ್ಷ ಅವಳು ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ ಅದೇ ಎಂದು ನನಗೆ ಆಗ ತಿಳಿಯಿತು. ಅವಳು ಸೆರಗಿನಿಂದ ಕಣ್ಣೊರೆಸಿ, "ಈ ಮಗುವಾದರೂ ಬದುಕಿತ್ತೋ ಇಲ್ಲವೋ. ಇವಳಿಗೂ ಒಂದು ನಮೋ ಮರಿಯಾ ಹೇಳುವ," ಎಂದಳು.

ಅಂದಿನಿಂದ ನಮ್ಮ ತೇರ್ಸಿನ ಕೊನೆಯಲ್ಲಿ ಗಂಟಲ ಮದ್ದಿನ ಹುಡುಗಿಗಾಗಿ ಒಂದು ನಮೋ ಮರಿಯಾ ಸೇರಿತು. ಪ್ರತಿ ವರ್ಷ ಮೃತರ ದಿನದಂದು ಆ ಕಾಗದವನ್ನು ಮುಂದಿಟ್ಟುಕೊಂಡು ಕೂರುತ್ತಿದ್ದೆವು. ನಾನು ಒಂದು ಹೇಳಬೇಕು, ಅವಳು ಒಂದು. ಹಣೆ ಹೀಗಲ್ಲ. ಹಲ್ಲು ಹೀಗಲ್ಲ. ಹೀಗೆ ಅಲ್ಲದ್ದನ್ನೆಲ್ಲ ಹೇಳುತ್ತ ಹೋದರೆ ಕೊನೆಗೆ ಪೊಲ್ಲಿ ಬರುತ್ತಿದ್ದಳು. ಒಂದು ವರ್ಷವೂ ತಪ್ಪಿಸಲಿಲ್ಲ.

ಈ ವರ್ಷ, ಅರುವತ್ತಾರರ ತಪಸ್ಸುಕಾಲದಲ್ಲಿ, ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ, ದೇವರು ಬರ್ನಡೆಟ್ಟಳನ್ನು ಕರೆದುಕೊಂಡರು.

ಮಣ್ಣಾದ ಎಂಟನೆಯ ದಿನ ಮೊಯ್ದೀನಬ್ಬ ಬಂದ. ಅವನಿಗೂ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಜಗಲಿಯಲ್ಲಿ ಕುಳಿತು ಚೀಲದಿಂದ ಬಟ್ಟೆ ಸುತ್ತಿದ ಒಂದು ವಸ್ತು ತೆಗೆದು ನನ್ನ ಮುಂದೆ ಇಟ್ಟ. ಬಿಚ್ಚಿದರೆ ಆ ಬ್ಲಾಕು.

"ಇದನ್ನು ಕರಗಿಸಲಿಲ್ವಾ ಬ್ಯಾರಿಗಳೇ?"

"ಎಲ್ಲ ಕರಗಿಸಿದೆ. ಬೋಳುತಲೆಯವನನ್ನು ಮೊದಲು," ಎಂದ. "ಇದನ್ನು ನೋಡುವಾಗ ನಿಮ್ಮ ಕಣ್ಣಿಗೆ ಬಿದ್ದದ್ದು ಧೂಳು ಅಲ್ಲ ಅಂತ ನನಗೆ ಗೊತ್ತಿತ್ತು. ನಾನೂ ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟವನು ಪೊರ್ಬುಗಳೇ. ಕೊಡಬೇಕು, ಕೊಡಬೇಕು ಅಂತಲೇ ಎಂಟು ವರ್ಷ ಆಯ್ತು."

ಅವನು ಹೋದ ಮೇಲೆ ಬ್ಲಾಕನ್ನು ಕಿಟಕಿಯ ಬಳಿ ಇಟ್ಟು ನೋಡಿದೆ. ಕನ್ನಡಿ ಬೇಕಾಗಲಿಲ್ಲ. ಬೈತಲೆ ಬಲಕ್ಕಿತ್ತು, ತಲೆ ಎಡ ಹೆಗಲಿಗೆ ವಾಲಿತ್ತು. ಬರ್ನಡೆಟ್ ದೇವರ ಹತ್ತಿರ ನಮ್ಮ ಮಗುವಿನ ಮುಖ ನೋಡಿ ಗುರುತು ಹಿಡಿದಿರುತ್ತಾಳೆ. ಆ ವಿಷಯದಲ್ಲಿ ನನಗೆ ಸಂಶಯವಿಲ್ಲ. ಹುಬ್ಬು, ಗಾಯದ ಗುರುತು, ಮುರಿದ ಹಲ್ಲು, ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೇ ಹೋಗಿದ್ದಾಳೆ.

"ಹಣೆ ಇಷ್ಟು ಅಗಲ ಅಲ್ಲ," ಎಂದು ಗಟ್ಟಿಯಾಗಿ ಹೇಳಿದೆ.

ಮುಂದಿನದನ್ನು ಹೇಳುವ ಸರದಿ ಅವಳದು. ಅಭ್ಯಾಸದಂತೆ ಸ್ವಲ್ಪ ಹೊತ್ತು ಕಾದೆ. ಆಮೇಲೆ ಅವಳದನ್ನೂ ನಾನೇ ಹೇಳಿದೆ.