ಗಿರಣಿ ನಿಂತ ಹೊತ್ತು

ಗೋಡೆಯಾಚೆ ಗಿರಣಿ ಶುರುವಾದರೆ ಹೇಮಾವತಿಯ ಅಡುಗೆಮನೆಯ ಲೋಟಗಳು ನಡುಗುತ್ತಿದ್ದವು. ಹೊಳಲ್ಕೆರೆಯ ಆ ಓಣಿಯಲ್ಲಿ ಒಂದಾಗಿದ್ದ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಈಚೆ ಹೇಮಾವತಿ, ಅವಳ ಗಂಡ ಗೋವಿಂದಯ್ಯ. ಆಚೆ ಗೋವಿಂದಯ್ಯನ ಅಣ್ಣ ಬೋರಣ್ಣ, ಅವನ ಹೆಂಡತಿ ತಿಪ್ಪಮ್ಮ, ಮತ್ತು ಅವರ ಹಿಟ್ಟಿನ ಗಿರಣಿ.

ದುರ್ಗದ ದೂರವಾಣಿ ಕಚೇರಿಯಲ್ಲಿ ವರ್ಷಗಟ್ಟಲೆ ಕಂಡವರ ಮಾತಿಗೆಲ್ಲ ಕಿವಿಗೊಟ್ಟು ನಿವೃತ್ತಳಾದ ಹೇಮಾವತಿಗೆ ಉಳಿದಿದ್ದು ಒಂದೇ ಆಸೆ. ತನ್ನ ಜಗಲಿಯಲ್ಲಿ ಕೂತು ತನಗೆ ಬೇಕಾದ ಹಾಡು ಕೇಳಬೇಕು. ಗಿರಣಿ ಬಿಡಲಿಲ್ಲ. ಹೋದ ಬೇಸಿಗೆಯಲ್ಲಿ ಅವಳು ಪಂಚಾಯ್ತಿಗೆ ದೂರು ಕೊಟ್ಟಳು. ಯಾರೋ ಬಂದು ನೋಡಿಕೊಂಡು ಹೋದರು. ಗಿರಣಿ ನಿಲ್ಲಲಿಲ್ಲ, ವಾರಗಿತ್ತಿಯರ ನಡುವೆ ಮಾತು ನಿಂತಿತು.

ಮಾತು ನಿಂತರೂ ಚುಚ್ಚುಮಾತು ನಿಲ್ಲಲಿಲ್ಲ. "ಮೆಲ್ಲಗೆ ಮಾತಾಡ್ರೇ, ಆಚೆ ಮನೆ ಮಹಾರಾಣಿ ಕಿವಿ ನೋಯ್ತವೆ" ಎಂದು ತಿಪ್ಪಮ್ಮ ಹಿಟ್ಟಿಗೆ ಬಂದವರಿಗೆ ಕೂಗಿ ಹೇಳುತ್ತಿದ್ದಳು. ಹೇಮಾವತಿ ತನ್ನ ಜಗಲಿಯ ಮೇಲೆ ಕೂತ ಹಿಟ್ಟಿನ ಧೂಳನ್ನು ಗುಡಿಸಿ, ಮೊರದಲ್ಲಿ ತುಂಬಿ ಗೋಡೆಯ ಮೇಲಿಂದ ಆಚೆಗೇ ಸುರಿಯುತ್ತಿದ್ದಳು.

ಇದರ ನಡುವೆ ಸಿಕ್ಕಿಕೊಂಡವಳು ಸುಚಿತ್ರಾ, ತಿಪ್ಪಮ್ಮನ ಮಗಳು. ಹೇಮಾವತಿಗೆ ಮಕ್ಕಳಿರಲಿಲ್ಲ. ಸುಚಿತ್ರಾ ಅಕ್ಷರ ತಿದ್ದಿದ್ದು, ಜಡೆ ಹಾಕಿಸಿಕೊಂಡಿದ್ದು, ಜ್ವರ ಬಂದಾಗ ಮಲಗಿದ್ದು ಎಲ್ಲ ಈ ಚಿಕ್ಕಮ್ಮನ ಮಡಿಲಲ್ಲಿ. ಈಗ ಅವಳಿಗೆ ಏಳು ತಿಂಗಳು. ಶುಕ್ರವಾರ ಸೀಮಂತ.

ಬೋರಣ್ಣ ಬಂದು ಹೊಸಿಲಾಚೆಯೇ ನಿಂತು ಕುಂಕುಮ ಕೊಟ್ಟು ಹೇಳಿ ಹೋಗಿದ್ದ. ಆದರೆ ಆ ಸೀಮೆಯಲ್ಲಿ ಹೇಳಿಕೆ ಬೇರೆ, ಕರೆ ಬೇರೆ. ಎಷ್ಟು ಮೊದಲೇ ಹೇಳಿದ್ದರೂ, ಆ ದಿನ ಎಲೆ ಹಾಕುವ ಹೊತ್ತಿಗೆ ಮನೆಯ ಹೆಂಗಸು ಬಾಗಿಲಿಗೆ ಬಂದು "ಊಟಕ್ಕೆ ಬರ್ರಿ" ಎಂದು ಬಾಯಿಬಿಟ್ಟು ಕರೆಯಬೇಕು. ಒಳಗಿನವರು "ಬಂದೆ" ಅನ್ನಬೇಕು. ಕರೆಯಿಲ್ಲದೆ ಹೋಗಿ ಎಲೆಗೆ ಕೂತವಳನ್ನು ಓಣಿ ಬಹಳ ದಿನ ಆಡಿಕೊಳ್ಳುತ್ತದೆ.

"ತಿಪ್ಪಮ್ಮ ಬಂದು ಕರೆದ್ರೆ ಹೋಗ್ತೀನಿ. ಇಲ್ಲಾಂದ್ರೆ ಇಲ್ಲ" ಎಂದಳು ಹೇಮಾವತಿ. ಹಾಗಂದವಳು ಆಗಲೇ ಹಸಿರು ಬಳೆ ತಂದು ಬೀರುವಿನಲ್ಲಿ ಇಟ್ಟಿದ್ದಳು.

ಅದೇ ವಾರ ಅವಳು ಬಸ್ ನಿಲ್ದಾಣದ ಹತ್ತಿರದ ಮುಝಫರನ ಮೊಬೈಲ್ ಅಂಗಡಿಗೆ ಹೋಗಿದ್ದಳು. ಹೊರಗಿನ ಸದ್ದನ್ನು ನುಂಗುವ, ವೈರ್ ಇಲ್ಲದ, ಇಡೀ ಕಿವಿ ಮುಚ್ಚುವ ಹೆಡ್‌ಫೋನ್ ಬೇಕೆಂದಳು. ಮುಝಫರ್ ಡಬ್ಬಿ ಬಿಚ್ಚಿ, ಮೆತ್ತೆಗಳನ್ನು ತನ್ನ ಕರವಸ್ತ್ರದಿಂದ ಒರೆಸಿ, ಅವಳ ತಲೆಯ ಅಳತೆಗೆ ಪಟ್ಟಿಯನ್ನು ತಾನೇ ಸರಿಮಾಡಿದ. "ಓಲೆ ಒತ್ತುತ್ತಾ ನೋಡ್ರಿ ಮೇಡಂ. ನಮ್ಮ ಅಮ್ಮಿಗೆ ಒತ್ತುತ್ತೆ. ಶನಿವಾರದವರೆಗೂ ಮನೇಲಿ ಬಳಸ್ರಿ, ಹಿಡಿಸ್ಲಿಲ್ಲ ಅಂದ್ರೆ ವಾಪಸ್ ತರ್ರಿ."

ಓಲೆ ಒತ್ತಿತು. ತುರುಬು ಪಟ್ಟಿಯನ್ನು ಹಣೆಗೆ ನೂಕಿತು. ಬಿಸಿಲೇರಿದ ಮೇಲೆ ಕಿವಿ ಬೆವರಿತು. ಆದರೆ ಫ್ಯಾನಿನ ಸದ್ದು, ಫ್ರಿಜ್ಜಿನ ಗೊಣಗು ಊದಿ ಆರಿಸಿದಂತೆ ಇಲ್ಲವಾದವು. ಗಿರಣಿಯ ಗುಂಯ್ ಎನ್ನುವ ಮೊರೆತ ಎಲ್ಲೋ ಹೊಸದುರ್ಗದ ರಸ್ತೆಯಲ್ಲಿ ಹೋಗುವ ಲಾರಿಯಷ್ಟಾಯಿತು. ಬೆಲ್ಟಿನ ಪಟಪಟ ಮಾತ್ರ ಉಳಿಯಿತು, ಜೊತೆಗೆ ತಿಪ್ಪಮ್ಮನ ಗಂಟಲು. ಮನುಷ್ಯರ ಮಾತನ್ನು ಆ ಯಂತ್ರ ಅಷ್ಟಾಗಿ ತಡೆಯುತ್ತಿರಲಿಲ್ಲ. ಹಾಡು ಹಚ್ಚಿದರೆ ಮಾತ್ರ ಅದೂ ಮುಚ್ಚಿಹೋಗುತ್ತಿತ್ತು. ಹಾಗೆ ಹಾಡು ಹಚ್ಚಿಕೊಂಡ ದಿನವೇ ಕುಕ್ಕರಿನ ಸೀಟಿ ಕೇಳದೆ ಬೇಳೆ ಹೊತ್ತಿತು.

"ಹೆಡ್‌ಫೋನಿಗೆ ಮಾರ್ಕ್ಸ್ ಕೊಡೋವಾಗ ಹೊತ್ತಿದ ಬೇಳೇದೂ ಕಳಿ" ಎಂದ ಗೋವಿಂದಯ್ಯ.

ಶುಕ್ರವಾರ ಬೆಳಿಗ್ಗೆಯೇ ಅವನು ಶಾಮಿಯಾನ ಕಟ್ಟಿಸಲು ಆಚೆಗೆ ಹೋದ. ಅಣ್ಣತಮ್ಮಂದಿರ ಮುನಿಸು ಒಂದು ಲೋಟ ಕಾಫಿಯ ಮುಂದೆ ನಿಲ್ಲುವಂಥದ್ದಲ್ಲ. ಹೇಮಾವತಿ ರೇಷ್ಮೆ ಸೀರೆ ಉಟ್ಟು ಕಾದಳು. ಸೀಮಂತದ ದಿನವೂ ಗಿರಣಿ ಓಡುತ್ತಿತ್ತು. ಕಾಯುತ್ತಿದ್ದಾಳೆಂದು ಯಾರಿಗೂ ಕಾಣಬಾರದು ಎಂದು ಅವಳು ಬೀದಿಗೆ ಬೆನ್ನು ಮಾಡಿ ಜಗಲಿಯಲ್ಲಿ ಕೂತಳು. ಹೆಡ್‌ಫೋನ್ ಏರಿಸಿ ಹಾಡು ಹಚ್ಚಿದಳು.

ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಬೆಲ್ಟಿನ ಪಟಪಟವೂ ಕೇಳಲಿಲ್ಲ. ಅಬ್ಬ, ಕೊನೆಗೂ ಗೆದ್ದಿತು, ಇದನ್ನು ಇಟ್ಟುಕೊಳ್ಳುತ್ತೇನೆಂದು ಮುಝಫರನಿಗೆ ಹೇಳಬೇಕು ಎಂದುಕೊಂಡು ಹೆಡ್‌ಫೋನ್ ತೆಗೆದಳು. ತೆಗೆದರೂ ಸದ್ದಿರಲಿಲ್ಲ. ಗಿರಣಿಯೇ ನಿಂತಿತ್ತು.

ಎದುರು ಮನೆಯ ಶಾಂತಿ ಗೇಟಿನ ಹತ್ತಿರ ನಿಂತಿದ್ದಳು. "ಇನ್ನೂ ಇಲ್ಲೇ ಇದೀರಾ? ತಿಪ್ಪಮ್ಮಕ್ಕ ಬಂದು ಕರೆದೂ ಕರೆದೂ ಹೋದ್ರಲ್ಲ. ಕಿವಿಗೆ ಕರಿ ಮುಚ್ಚಳ ಹಾಕ್ಕಂಡು ಬೆನ್ನು ತಿರುಗಿಸ್ಕಂಡು ಕುಂತವ್ಳೆ ಅಂತ ಅಲ್ಲಿ ಒಂದೇ ಸಮ ಬೈತಾವ್ರೆ."

ಹೇಮಾವತಿ ಬಳೆಯ ಪೊಟ್ಟಣವನ್ನೂ ಹೆಡ್‌ಫೋನನ್ನೂ ಹಿಡಿದು ಓಡಿದಳು. ಫೋನ್ ಜಗಲಿಯಲ್ಲೇ ಉಳಿಯಿತು.

ಬಾಗಿಲಲ್ಲಿ ತಿಪ್ಪಮ್ಮ ನಿಂತಿದ್ದಳು. ಒಳಗೆ ಹಸಿರು ಸೀರೆಯಲ್ಲಿ ಸುಚಿತ್ರಾ, ಸುತ್ತ ಓಣಿಯ ಹೆಂಗಸರು.

"ಬಂದ್ಯಾ. ಮುಚ್ಚಳ ತೆಗೆಯಾಕೆ ಪುರುಸೊತ್ತಾಯ್ತಾ?"

"ನಂಗೆ ಕೇಳಿಸ್ಲಿಲ್ಲ ಅಕ್ಕ."

"ಓಣಿಗೆಲ್ಲ ಕೇಳಿಸ್ತು. ಶಾಂತಿ ಮನೆ ಎಮ್ಮೆ ಕೂಡ ತಿರುಗಿ ನೋಡ್ತು. ನಿಂಗೊಬ್ಳಿಗೆ ಕೇಳಿಸ್ಲಿಲ್ಲ."

"ಇದನ್ನ ಹಾಕ್ಕಂಡು ನೋಡು, ನಿಂಗೇ ಗೊತ್ತಾಗ್ತದೆ" ಎಂದು ಹೇಮಾವತಿ ಹೆಡ್‌ಫೋನನ್ನು ತಿಪ್ಪಮ್ಮನ ಕಿವಿಗೆ ಒತ್ತಿದಳು. "ಈಗ ಕೇಳಿಸ್ತಾ?"

"ಕೇಳಿಸ್ತೈತೆ" ಎಂದಳು ತಿಪ್ಪಮ್ಮ. "ಚೆನ್ನಾಗೇ ಕೇಳಿಸ್ತೈತೆ. ಇನ್ನೊಂದು ಸುಳ್ಳು ಹೇಳು, ಅದೂ ಕೇಳಿಸ್ತೈತೇನೋ ನೋಡಾಣ."

ಹೆಂಗಸರು ಕಿಸಕ್ಕನೆ ನಕ್ಕರು. ವಾರವೆಲ್ಲ ತಾನೇ ಪರೀಕ್ಷೆ ಮಾಡಿ ತಿಳಿದದ್ದು ಗಾಬರಿಯಲ್ಲಿ ಹೇಮಾವತಿಗೆ ಮರೆತಿತ್ತು. "ಹಾಡು ಹಾಕಿದ್ದೆ ಅಕ್ಕ. ಅದಿದ್ರೆ ಕೇಳಲ್ಲ."

"ಓ. ಇಲ್ಲಿ ಮಗೀಗೆ ಸೀಮಂತ, ನೀನಲ್ಲಿ ಹಾಡು ಕೇಳ್ತಾ ಕುಂತಿದ್ದೆ."

"ಗಿರಣಿ ಸದ್ದು ತಡೀಲಾರದೆ..."

"ಗಿರಣಿ ನಿಲ್ಸಿದ್ದೆ ಕಣೇ." ತಿಪ್ಪಮ್ಮ ಗಿರಣಿಯ ಕಡೆ ಕೈ ತೋರಿದಳು. "ಬಿ.ದುರ್ಗದಿಂದ ಚೀಲ ಹೊತ್ಕಂಡು ಬಂದೋರು, ಇದೊಂದು ಮುಗ್ಸಿಕೊಡ್ರಿ ಅಂತ ಗೋಗರೀತಿದ್ರು. ಮೊದ್ಲು ನಿಲ್ಸು ಅಂತ ನಿಮ್ ಭಾವನ ಮೇಲೆ ರೇಗಿದೆ. ಯಾಕೆ ಗೊತ್ತಾ? ನಾನು ಕರೆಯೋದು ನಿಂಗೆ ಕೇಳ್ಲಿ ಅಂತ."

ಯಾರೂ ನಗಲಿಲ್ಲ.

"ಚಿಕ್ಕಮ್ಮ, ಬಾ, ಕುಂತ್ಕ" ಎಂದಳು ಸುಚಿತ್ರಾ ಒಳಗಿನಿಂದ.

"ನೀನು ಸುಮ್ನಿರು" ಎಂದಳು ತಾಯಿ. "ಕರೆದ್ರೆ ಬಂದೆ ಅನ್ನದೆ ಬಂದೋರಿಗೆ ಈ ಮನೇಲಿ ಎಲೆ ಹಾಕಲ್ಲ. ಹೋಗು ಹೇಮಾ. ನಿನ್ ಮನೆಗೆ ಹೋಗು."

ಹೇಮಾವತಿ ತಿರುಗಿದಳು. ಹಿಂದೆ ಯಾರೋ "ಪಾಪ" ಎಂದರು; ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು. ಬಳೆ ಕೈಯಲ್ಲೇ ಇತ್ತು. ಮನೆಗೆ ಬಂದು ಜಗಲಿಯಲ್ಲಿ ಕೂತಳು. ಈ ಸಲ ಬೀದಿಗೆ ಮುಖ ಮಾಡಿ ಕೂತಳು, ಕಂಡರೆ ಕಾಣಲಿ. ಸೀರೆ ಬಿಚ್ಚಿಡಬೇಕೆಂದುಕೊಂಡಳು, ಕೈ ಏಳಲಿಲ್ಲ. ಗಿರಣಿಯಿಲ್ಲದ ಓಣಿಯಲ್ಲಿ ಒಂದು ಕಾಗೆ ರೆಕ್ಕೆ ಬಡಿದದ್ದೂ ಕೇಳುತ್ತಿತ್ತು.

ಆಮೇಲೆ ಚಪ್ಪಲಿಯ ಸದ್ದು. ಗೇಟಿನ ಚಿಲಕ.

"ಹೇಮಾ, ಊಟಕ್ಕೆ ಬಾ." ದಾರಿ ತಪ್ಪಿದ ದನವನ್ನು ಗದರುವ ದನಿ.

"ಬಂದೆ ಅಕ್ಕ."

ತಿಪ್ಪಮ್ಮನ ಕೊರಳಲ್ಲಿ ಹೆಡ್‌ಫೋನ್ ಇನ್ನೂ ನೇತಾಡುತ್ತಿತ್ತು. ಹೇಮಾವತಿ ಅದಕ್ಕೆ ಕೈ ಚಾಚಿದಳು. "ನಾಳೆ ಮುಝಫರನಿಗೆ ವಾಪಸ್ ಕೊಡ್ಬೇಕು. ಇದು ನಂಗೆ ಬೇಡ."

ತಿಪ್ಪಮ್ಮ ಆ ಕೈಯನ್ನು ತಳ್ಳಿದಳು. "ಕೊಡೋದು ಬಿಡೋದು ಆಮೇಲೆ. ನಾಳೆ ಗಿರಣಿ ಒಳಗೆ ನಾನೊಂದ್ಸಲ ಹಾಕ್ಕಂಡು ನೋಡ್ತೀನಿ. ದಿನಾ ಅದರ ಪಕ್ಕ ಕೂರೋಳು ನಾನು, ಕಿವಿ ನೋಯೋದು ಮಾತ್ರ ನಿಂಗೆ. ನಡಿ, ಬಳೆ ತಗಂಡು ನಡಿ. ಹುಡುಗಿ ಎಲೆ ಮುಂದೆ ಅಳ್ತಾ ಕುಂತವ್ಳೆ."