ರಾಜೇಶ್ವರಿ ತುಂಬಿದ ಉಡಿ

ಮುದ್ದೇಬಿಹಾಳದ ರಾಜೇಶ್ವರಿ ಮೈಕಿನ ಮುಂದೆ ನಿಂತಳೆಂದರೆ ಕೂತ ಹೆಂಗಸರೆಲ್ಲ ಸೆರಗು ಕಣ್ಣಿಗೊತ್ತಿಕೊಳ್ಳಲೇಬೇಕು. ಹೊಲಿಗೆ ಯಂತ್ರದ ಮುಂದೆ ತುಟಿ ಪಿಟಕ್ಕೆನ್ನದ ಈಕೆಗೆ ಆಗ ಎಲ್ಲಿಂದ ಆ ದನಿ ಬರುತ್ತಿತ್ತೋ ದೇವರೇ ಬಲ್ಲ. ಮಹಿಳಾ ಸಂಘದ ವಸುಧಾಬಾಯಿ ಅವಳನ್ನು ಜೀಪಿನಲ್ಲಿ ಹಾಕಿಕೊಂಡು ಇಂಡಿ, ಸಿಂದಗಿ, ಬಾಗೇವಾಡಿ ಎಂದು ಸುತ್ತಿಸುತ್ತಿದ್ದರು. ಹೇಳುವುದು ಒಂದೇ ಕಥೆ, ಅವಳದೇ ಕಥೆ. ಗಂಡನಿಗೆ ಮಣ್ಣು ಕೊಟ್ಟು ಬಂದ ದಿನ ಓಣಿಯವರು ಕುಂಕುಮ ಅಳಿಸಲು ಬಂದರು. ಇವಳು ಬಾಗಿಲಿಗೆ ಅಡ್ಡ ನಿಂತು, "ನನ್ನ ಹಣಿ ನಂದು, ಮುಟ್ಟಬ್ಯಾಡ್ರಿ" ಎಂದಳು. ಅಲ್ಲಿಗೆ ಚಪ್ಪಾಳೆ.

ನಿಜಕ್ಕೂ ಹಾಗೆ ಅಂದಿದ್ದಳೇ? ಈಚೆಗೆ ಅವಳಿಗೆ ಅದೇ ತಿಳಿಯುತ್ತಿರಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡು ಅತ್ತದ್ದು ನೆನಪಿತ್ತು. ಹೊರಗಿನವರು ಕಾದು ಬೇಸತ್ತು ಎದ್ದು ಹೋದದ್ದೂ ನೆನಪಿತ್ತು. ಕುಂಕುಮವಂತೂ ಉಳಿದಿತ್ತು. ಆ ಮಾತು ಮಾತ್ರ ತನ್ನದೋ, ವಸುಧಾಬಾಯಿ ಹೇಳಿಕೊಟ್ಟದ್ದೋ? ಯೋಚಿಸಿದಷ್ಟೂ ತಲೆ ಗಿರ್ರೆನ್ನುತ್ತಿತ್ತು.

ಸಿಂದಗಿಯ ಸಭೆ ಮುಗಿದ ಮೇಲೆ ಮೋರಟಗಿಯ ಭಾಗ್ಯಜ್ಯೋತಿ ಎಂಬ ಬಸುರಿ ಬಂದು ಕೈ ಹಿಡಿದಳು. "ಅಕ್ಕಾರ, ಬರೂ ಸೋಮವಾರ ನನ್ನ ಕುಬಸ ಐತ್ರಿ. ಮೊದಲ ಉಡಿ ನೀವ ತುಂಬಬೇಕ್ರಿ."

ಕುಬಸವೆಂದರೆ ಸೀಮಂತ, ಅದರ ಉಡಿ ಮುತ್ತೈದೆಯರೇ ತುಂಬಬೇಕಾದದ್ದು. ಗಂಡ ಸತ್ತವಳ ಕೈಯಿಂದ ಆ ಕಡೆ ಯಾರೂ ತುಂಬಿಸಿಕೊಂಡವರಿಲ್ಲ. ವಸುಧಾಬಾಯಿಗೆ ಹಿಡಿಸಲಾರದಷ್ಟು ಖುಷಿ. ಚಪ್ಪಾಳೆಯ ಗುಂಗಿನಲ್ಲಿದ್ದ ರಾಜೇಶ್ವರಿ ಹೂಂ ಎಂದುಬಿಟ್ಟಳು.

ಸೋಮವಾರ ಮೋರಟಗಿಯ ಆ ಮನೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಭಾಗ್ಯಜ್ಯೋತಿ ಹಸಿರು ಸೀರೆ, ಹಸಿರು ಬಳೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಕೈ ತೊಳೆಯಲೆಂದು ರಾಜೇಶ್ವರಿ ಅಡುಗೆಮನೆಗೆ ಹೋದಳು. ಅಲ್ಲಿ ಹುಡುಗಿಯ ಅತ್ತೆ ಸಿದ್ದವ್ವ ಹೋಳಿಗೆ ಬೇಯಿಸುತ್ತಿದ್ದಳು. ಅವಳ ಹಣೆ ಬರಿದಾಗಿತ್ತು. ಸೊಸೆಯ ಕುಬಸದ ದಿನ ಅವಳ ಜಾಗ ಒಲೆಯ ಮುಂದೆಯೇ.

"ಹ್ವಾದ ಸಲ ಐದು ಮಂದಿ ಮುತ್ತೈದ್ಯಾರು ತುಂಬಿದ್ರು," ಸಿದ್ದವ್ವ ಹೋಳಿಗೆ ಮಗುಚುತ್ತಲೇ ಹೇಳಿದಳು. "ಕೂಸು ಹೊಟ್ಟ್ಯಾಗ ಹೋತ್ರಿ. ನಿಮ್ಮ ಕುಂಕುಮ ಯಾರಿಗೂ ಅಳಸಾಕ ಆಗಲಿಲ್ಲಂತ, ನಿಮ್ಮ ಕೈ ಗಟ್ಟಿ ಅಂತ, ನೀವು ತುಂಬಿದ್ರ ಈ ಕೂಸು ಉಳಿತೈತಂತ. ಅದನ್ನ ಹಿಡಕೊಂಡು ಕುಂತಾಳ ನಮ್ಮ ಸೊಸಿ."

ತಂಬಿಗೆಗೆ ಚಾಚಿದ ಕೈಯನ್ನು ರಾಜೇಶ್ವರಿ ಹಿಂದಕ್ಕೆಳೆದುಕೊಂಡಳು. ಹುಡುಗಿ ಕೇಳಿದ್ದು ಧೈರ್ಯದ ಕಥೆಯನ್ನೋ, ಪವಾಡದ ಕಥೆಯನ್ನೋ? ಮೂಢನಂಬಿಕೆ ಬಿಡಿಸಲು ಊರೂರು ತಿರುಗಿದವಳು ತಾನೇ ಒಂದು ಮೂಢನಂಬಿಕೆಯಾಗಿ ಕೂತಂತಾಯಿತಲ್ಲ. ತುಂಬಿದ ಮೇಲೆ ಈ ಕೂಸೂ ಹೋದರೆ? ಬಾಯಲ್ಲಿ ಏನೇ ಹೇಳಲಿ, ತನ್ನ ಕೈಯ ಮೇಲೆ ತನಗೇ ಅನುಮಾನ ಹುಟ್ಟಿತು. ಆ ಅನುಮಾನಕ್ಕೆ ನಾಚಿಕೆಯೂ ಆಯಿತು.

"ಏನಾರ ಹೆಚ್ಚುಕಡಿಮಿ ಆದ್ರ?" ಅವಳು ಮೆಲ್ಲಗೆ ಕೇಳಿದಳು.

"ಮಂದಿ ನಿಮ್ಮನ್ನ ಕೇಳೂದಿಲ್ರಿ. ನೀವು ಜೀಪ್ ಹತ್ತಿ ಹೋಗ್ತೀರಿ. ನನ್ನ ಕೇಳತಾರ."

ಹೊರಗೆ ಮೊರದಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಸಿದ್ಧವಾಗಿದ್ದವು. ಐದಾರು ಮುತ್ತೈದೆಯರು ಮೂತಿ ತಿರುವಿಕೊಂಡು ಗೋಡೆಗೆ ಸರಿದು ನಿಂತಿದ್ದರು. ವಸುಧಾಬಾಯಿ ಮೊಬೈಲು ಎತ್ತಿ ಹಿಡಿದು, "ಎರಡು ಮಾತು ಹೇಳಿ ತುಂಬ್ರಿ, ರಾಜೇಶ್ವರಿ," ಎಂದರು.

ಬೊಗಸೆಯಲ್ಲಿ ಅಕ್ಕಿ ಹಿಡಿದು ರಾಜೇಶ್ವರಿ ಬಾಯಿ ತೆರೆದಳು. ಎಂದಿನ ಕಥೆಯನ್ನು ಅವಳು ಶುರುಮಾಡಲಿಲ್ಲ. ಭಾಗ್ಯಜ್ಯೋತಿ ಸೆರಗು ಒಡ್ಡಿಕೊಂಡು ಮೇಲೆ ನೋಡುತ್ತಿದ್ದಳು.

"ತಂಗಿ," ಎಂದಳು ರಾಜೇಶ್ವರಿ, "ನನ್ನ ಕೈಯಾಗ ಏನೂ ಇಲ್ಲವಾ. ಉಳಸೂದೂ ಇಲ್ಲ, ಕಳಿಯೂದೂ ಇಲ್ಲ. ಹಂಗಂತ ನನಗ ಗೊತ್ತೈತಿ. ಗೊತ್ತಿದ್ದೂ ಅಂಜಿಕಿ ಬರಾಕತ್ತೈತಿ."

ವಸುಧಾಬಾಯಿ ಮೊಬೈಲು ಇಳಿಸಿದರು. ಗೋಡೆಯ ಕಡೆ ಗುಸುಗುಸು ಎದ್ದಿತು. ಭಾಗ್ಯಜ್ಯೋತಿಯ ಮುಖ ಸಣ್ಣಗಾಯಿತು. ಆದರೆ ಒಡ್ಡಿದ ಸೆರಗನ್ನು ಅವಳು ಮಡಚಲಿಲ್ಲ.

"ನನಗೂ ಅಂಜಿಕಿ ಐತ್ರಿ ಅಕ್ಕಾರ," ಎಂದಳು. "ಮನ್ಯಾಗ ಯಾರೂ ಹಂಗನ್ನಾಕ ಬಿಡವಲ್ರು. ತುಂಬ್ರಿ."

ರಾಜೇಶ್ವರಿ ತುಂಬಿದಳು. ಅರ್ಧ ಅಕ್ಕಿ ಉಡಿಗೆ, ಅರ್ಧ ನೆಲಕ್ಕೆ. ಒಳ್ಳೆಯದು ಮಾಡಿದಳೋ ಕೆಟ್ಟದ್ದೋ, ಅವಳಿಗೆ ಒಂದೂ ಬಗೆಹರಿಯಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಿರುಗಿದರೆ ಅಡುಗೆಮನೆಯ ಹೊಸ್ತಿಲು ದಾಟಿ ಸಿದ್ದವ್ವ ನಡುಮನೆಗೆ ಬಂದು ನಿಂತಿದ್ದಳು.

"ಕೂಸು ಹುಟ್ಟೂತನಕ ನನಗ ನಿದ್ದಿ ಬರಂಗಿಲ್ಲ," ಎಂದಳು ರಾಜೇಶ್ವರಿ ಅವಳಿಗೆ.

"ನನಗ ಬರತೈತೇನ್ರಿ?" ಎನ್ನುತ್ತ ಸಿದ್ದವ್ವ ಹಿಟ್ಟಿನ ಕೈ ಒರೆಸಿಕೊಂಡು ಮೊರದ ಅಕ್ಕಿಗೆ ಕೈ ಹಾಕಿದಳು. "ಸರೀರಿ ಅತ್ತಾಗ. ನಾನೂ ತುಂಬತೇನಿ."